ಖಾಲಿ ಇದ್ದರೆ ನೆಮ್ಮದಿ

ಮನೆಯ ಗೋಡೆಗೆ ಮಾತು ಬಂದುಬಿಟ್ಟರೆ ಏನಾದೀತು? ಅದೂ ಎಂಥ ಮಾತು, ಮಂಚದ ಮೇಲೆ ಮಲಗಿದವರ ಒಡಲೊಳಗೆ ಏನಾಗುತ್ತಿದೆ ಎಂದು ಹೇಳುವ ಮಾತು. ಮೈಸೂರಿನ ಹೂಟಗಳ್ಳಿಯಲ್ಲಿದ್ದ ‘ಒಡಲು’ ಎಂಬ ಸಂಸ್ಥೆಯವರು ಅದನ್ನು ಮಾಡಿಯೇಬಿಟ್ಟರು. ರೋಗಿಯ ಹಣೆಗೆ ತೆಳ್ಳನೆಯ ಒಂದು ಪಟ್ಟಿ. ನರಗಳಲ್ಲಿ ಓಡಾಡುವ ಸಂಕೇತಗಳನ್ನು ಅದು ಹಿಡಿದು ಕಳಿಸುತ್ತದೆ. ಎದುರು ಗೋಡೆಯ ಪರದೆ ಅದನ್ನು ಒಂದೇ ಪದದಲ್ಲಿ ತೋರಿಸುತ್ತದೆ: ಹಸಿವು, ಬಾಯಾರಿಕೆ, ಚಳಿ, ನೋವು. ಇವು ಯಾವುವೂ ಇಲ್ಲದಿದ್ದರೆ ತಿಳಿಹಸಿರು ಬಣ್ಣದಲ್ಲಿ: ನೆಮ್ಮದಿ.

ಜನ ಅದಕ್ಕೆ ಎಷ್ಟು ಬೇಗ ಒಗ್ಗಿಕೊಂಡರು ಅಂತೀರಿ! ರೋಗಿಯನ್ನು ನೋಡಲು ಬಂದವರು ಮೂಸಂಬಿ ಚೀಲ ಕೆಳಗಿಟ್ಟು ಮೊದಲು ಗೋಡೆ ನೋಡುತ್ತಿದ್ದರು. ‘ಹೇಗಿದ್ದೀರಿ’ ಎಂದು ಕೇಳುವ ಅಭ್ಯಾಸವೇ ತಪ್ಪಿಹೋಯಿತು. ಅತ್ತೆ “ಸೊಂಟ ಬಿದ್ದುಹೋಗ್ತಿದೆ ಕಣೇ” ಎಂದು ನರಳಿದರೆ ಸೊಸೆ ಗೋಡೆಯ ಕಡೆ ಕೈ ತೋರಿಸಿ, “ಗೋಡೆ ಹಾಗನ್ನಲ್ವಲ್ಲ ಅತ್ತೆ” ಎಂದು ಒಳಗೆ ನಡೆಯುತ್ತಿದ್ದಳು. ಮನುಷ್ಯರ ಬಾಯಿಗಿಂತ ಗೋಡೆಯ ಮೇಲೆ ನಂಬಿಕೆ ಹೆಚ್ಚಾಗಿದ್ದ ಕಾಲ ಅದು.

ಗೋಡೆಗೆ ಮಾತು ಕಲಿಸಿದವರಲ್ಲಿ ಮೇದಿನಿಯೂ ಒಬ್ಬಳು. ಆ ಸಂಸ್ಥೆಗೆ ಅವಳು ಸೇರಿದ್ದೇ ಅಕ್ಕನಿಗಾಗಿ. ಅಕ್ಕ ತಾರಿಣಿ ಪಾಲಿಟೆಕ್ನಿಕ್‌ನಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತಿದ್ದವಳು. ತಂಗಿಗೆ ಜಾವಾ ಹೇಳಿಕೊಟ್ಟವಳೂ ಅವಳೇ, ತಪ್ಪು ಬರೆದರೆ ತಲೆಗೆ ಮೊಟಕಿದವಳೂ ಅವಳೇ. ನರಗಳು ಒಂದೊಂದಾಗಿ ಸೋಲುವ ಹಾಳು ರೋಗ ಬಂದು ಮೊದಲು ಕೈ ಹೋಯಿತು, ಆಮೇಲೆ ಕಾಲು, ಕೊನೆಗೆ ಮಾತು. ಮುಖದಲ್ಲಿ ನಗುವೂ ಮೂಡದು, ಅಳುವೂ ಮೂಡದು. ಕಣ್ಣು ಮಾತ್ರ ಅಲುಗುತ್ತಿತ್ತು. ಅಂಥವಳ ಎದುರಿನ ಗೋಡೆಯ ಮೇಲೆ ಮೊದಲ ಸಲ ‘ಬಾಯಾರಿಕೆ’ ಎಂದು ಮೂಡಿದ ದಿನ ಭಾವ ಶ್ರೀಕಂಠಸ್ವಾಮಿ ನೀರಿನ ಲೋಟ ಹಿಡಿದುಕೊಂಡೇ ಗೊಳೋ ಎಂದು ಅತ್ತಿದ್ದರು. ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಅವರು, ಕೊರಳಲ್ಲಿ ಸದಾ ಸೀಟಿ. ಅವರು ಅತ್ತದ್ದನ್ನು ಮೇದಿನಿ ನೋಡಿದ್ದು ಅದೇ ಮೊದಲು.

ಇಷ್ಟಕ್ಕೂ ಗೋಡೆಗೆ ಪದ ಸಿಗುವುದು ಹೇಗೆ? ಪ್ರೋಗ್ರಾಮಿನೊಳಗೆ ಪ್ರತಿ ರೋಗಿಗೂ ಒಂದು ಗೂಡಿದೆ ಎಂದುಕೊಳ್ಳಿ. ಅದರಲ್ಲಿ ಹಸಿವಿಗೆ ಒಂದು ಖಾನೆ, ಚಳಿಗೆ ಒಂದು, ನೋವಿಗೆ ಒಂದು. ಗೋಡೆಯ ಮೇಲೆ ಮೂಡುವ ಪುಟವನ್ನು ಈ ಒಂದೊಂದು ಖಾನೆಗೂ ಕಟ್ಟಬೇಕು. ಒಡಲಿನವರು ಕಟ್ಟಿದ್ದು ಹೆಸರಿನಿಂದ. ಉದ್ಧರಣ ಚಿಹ್ನೆಯ ಒಳಗೆ ಖಾನೆಯ ಹೆಸರು ಬರೆದರೆ ಮುಗಿಯಿತು, ಗೋಡೆ ಆ ಹೆಸರಿನ ಖಾನೆ ಹುಡುಕಿಕೊಂಡು ಹೋಗಿ ಒಳಗಿದ್ದದ್ದನ್ನು ತರುತ್ತದೆ. ಬರೆಯಲು ಸುಲಭ, ಓದಲು ಸುಲಭ. ಪ್ರೋಗ್ರಾಮು ಓಡುವ ಮುಂಚೆಯೇ ತಪ್ಪು ಹುಡುಕುವುದು ಕಂಪೈಲರ್ ಎಂಬ ಸಲಕರಣೆಯ ಕೆಲಸ.

ತಾರಿಣಿಗೆ ಈ ಪದ್ಧತಿ ಕಂಡರಾಗುತ್ತಿರಲಿಲ್ಲ. ಮಾತು ಇನ್ನೂ ತೊದಲುತ್ತಿದ್ದ ದಿನಗಳಲ್ಲಿ ತಂಗಿಯ ಲ್ಯಾಪ್‌ಟಾಪ್ ನೋಡಿ ಬೈದಿದ್ದಳು. “ಡಬ್ಬಿ ಮೇಲೆ ಚೀಟಿ ಅಂಟಿಸ್ದಂಗೆ ಮಾಡಿದೀಯಲ್ಲೇ! ಅಮ್ಮ ಗೌರಿಹಬ್ಬಕ್ಕೆ ಡಬ್ಬಿಯೆಲ್ಲಾ ತೊಳೆದು ರವೆ ಡಬ್ಬಿಗೆ ಉಪ್ಪು ತುಂಬಿದ್ದು ಮರೆತ್ಯಾ? ಉಪ್ಪಿನ ಕೇಸರಿಬಾತ್ ತಿಂದ್ವಲ್ಲ.”

“ಅದಕ್ಕೇ ಅಲ್ವಾ ನೀನು ಅಡುಗೆಮನೆಗೆ ಗಾಜಿನ ಡಬ್ಬಿ ತಂದಿದ್ದು” ಎಂದು ಮೇದಿನಿ ನಕ್ಕಿದ್ದಳು.

“ಇಲ್ಲೂ ಗಾಜಿನ ಡಬ್ಬಿ ತಾ ಅಂತಾನೇ ಹೇಳ್ತಿರೋದು. ಉದ್ಧರಣ ಚಿಹ್ನೆ ಒಳಗಿರೋದನ್ನ ಕಂಪೈಲರ್ ನೋಡಲ್ಲ ಕಣೇ. ಅದು ನೋಡೋ ಹಾಗೆ ಬರಿ. ತಪ್ಪಿದ್ರೆ ಅಲ್ಲೇ ಬೈದು ಕೂರಿಸುತ್ತೆ.”

“ಮಾಡ್ತೀನಿ ಬಿಡಕ್ಕ, ಮೊದ್ಲು ಇದು ಹೊರಗೆ ಹೋಗ್ಲಿ” ಎಂದವಳು ಮಾಡಲಿಲ್ಲ.

ಅದರ ಮೇಲೆ ಇನ್ನೊಂದು ನಡೆಯಿತು. ಶುರುವಿನಲ್ಲಿ ಯಾವುದೋ ಮನೆಯಲ್ಲಿ ಖಾನೆಯ ಹೆಸರು ಸಿಗದೆ ಗೋಡೆಯ ತುಂಬ ಕೆಂಪಕ್ಷರದ ಇಂಗ್ಲಿಷು ಉಕ್ಕಿ ಬಂತು. ರೋಗಿಯ ತಮ್ಮ, ಅಣ್ಣನ ಮಿದುಳೇ ಒಡೆದುಹೋಯಿತು ಎಂದುಕೊಂಡು ಅಲ್ಲೇ ದೊಪ್ಪನೆ ಬಿದ್ದ. ಸಂಸ್ಥೆಯ ಮುಖ್ಯಸ್ಥ ಬೋಪಣ್ಣ ಕೂಗಾಡಿದರು. “ಇನ್ಮೇಲೆ ಹೆಸರು ಸಿಗದೇ ಇದ್ರೆ ಗೋಡೆ ಸುಮ್ನಿರ್ಬೇಕು, ಅಷ್ಟೇ!” ಮೇದಿನಿ ಒಂದು ಸಾಲು ಬರೆದಳು. ಹೆಸರು ಸಿಗದಿದ್ದರೆ ಖಾಲಿ. ಖಾಲಿ ಎಂದರೆ ಸೊನ್ನೆ. ಎಲ್ಲ ಸೊನ್ನೆಯಾದರೆ ಗೋಡೆ ಏನು ತೋರಿಸಬೇಕೆಂಬುದು ಮೊದಲೇ ಬರೆದಿತ್ತು: ನೆಮ್ಮದಿ. ಆಮೇಲೆ ಯಾವ ಮನೆಯಲ್ಲೂ ಯಾರೂ ಬೀಳಲಿಲ್ಲ. ಬೋಪಣ್ಣ ಎಲ್ಲರಿಗೂ ಮೈಸೂರುಪಾಕು ಹಂಚಿದರು.

ಒಡಲಿನಲ್ಲಿ ಒಂದು ರೂಢಿಯಿತ್ತು. ಆಯುಧಪೂಜೆಗೆ ಮುಂಚೆ ಮನೆಗಳಲ್ಲಿ ಜೇಡ ಹೊಡೆಯುವಂತೆ ಇವರೂ ಪ್ರೋಗ್ರಾಮಿನ ಕೋಡ್ ಗುಡಿಸುತ್ತಿದ್ದರು. ಬೇಡದ್ದನ್ನು ಅಳಿಸಿ, ಅಡ್ಡಾದಿಡ್ಡಿ ಹೆಸರುಗಳನ್ನು ತಿದ್ದಿ, ಹೊಸ ಆವೃತ್ತಿಯನ್ನು ಎಲ್ಲ ಗೋಡೆಗಳಿಗೂ ಕಳಿಸಿ, ಆಮೇಲೆ ಸರ್ವರ್‌ಗಳಿಗೆ ಅರಿಸಿನ ಕುಂಕುಮ ಇಟ್ಟು ಬೂದುಗುಂಬಳ ಒಡೆಯುವುದು. ಪೂಜೆಯಾದ ಯಂತ್ರವನ್ನು ವಿಜಯದಶಮಿ ಕಳೆಯುವವರೆಗೆ ಯಾರೂ ಮುಟ್ಟುವಂತಿಲ್ಲ. ಆ ವರ್ಷ ಡಾಕ್ಟರುಗಳು ಮೈಯ ನೋವು ಬೇರೆ, ಮನಸ್ಸಿನ ನೋವು ಬೇರೆ ಖಾನೆಯಾಗಲಿ ಎಂದು ಕೇಳಿದ್ದರು. ಗುಡಿಸುವ ದಿನ ಮೇದಿನಿ ‘ನೋವು’ ಎಂಬ ಖಾನೆಗೆ ‘ಮೈನೋವು’ ಎಂದು ಹೊಸ ಹೆಸರಿಟ್ಟಳು. ಹೆಸರು ಬದಲಿಸುವ ಸಲಕರಣೆ ಕಣ್ಣು ಮಿಟುಕಿಸುವುದರಲ್ಲಿ ಎಲ್ಲ ಕಡೆ ತಿದ್ದಿ ಮುಗಿಸಿತು. ಉದ್ಧರಣ ಚಿಹ್ನೆಯ ಒಳಗೆ ಮಾತ್ರ ಅದು ಕೈ ಹಾಕುವುದಿಲ್ಲ.

ಪರೀಕ್ಷೆ ಮಾಡಲಿಲ್ಲವೇ ಎಂದರೆ, ಮಾಡಿದರು. ಹುಡುಗರು ತಾವೇ ಹಣೆಗೆ ಪಟ್ಟಿ ಕಟ್ಟಿಕೊಂಡು ಗೋಡೆಯೆದುರು ಕೂತರು. ಹೊಟ್ಟೆ ತುಂಬ ಪುಳಿಯೋಗರೆ, ಒಬ್ಬಟ್ಟು ತಿಂದ ಗಟ್ಟಿಮುಟ್ಟಾದ ಹುಡುಗರು. ಗೋಡೆ ನೆಮ್ಮದಿ ಎಂದಿತು. ಸರಿ, ಕುಂಬಳಕಾಯಿ ಒಡೆದರು.

ದಸರಾ ಕಳೆದ ಮೇಲೆ ಊರಿನ ಗೋಡೆಗಳಲ್ಲಿ ನೋವು ಮಾಯವಾಯಿತು. ಹಸಿವು ಬರುತ್ತಿತ್ತು, ಚಳಿ ಬರುತ್ತಿತ್ತು, ಹಾಗಾಗಿ ಯಾರಿಗೂ ಸಂಶಯ ಬರಲಿಲ್ಲ. ಅದೇ ಆವೃತ್ತಿಯಲ್ಲಿ ಬೋಪಣ್ಣ ರೋಗಿಗಳಿಗೆಂದು ಸಣ್ಣ ದನಿಯ ವೀಣೆ ಸೇರಿಸಿದ್ದರು. ವೀಣೆಯಿಂದಲೇ ನೋವು ಇಳಿದಿದೆ ಎಂದು ಪತ್ರಿಕೆಯವರನ್ನು ಕರೆದು ಹೇಳಿದರು, ಪತ್ರಿಕೆಯವರು ಫೋಟೋ ಹಾಕಿ ಬರೆದರು. ಮೇದಿನಿ ಆ ಸುದ್ದಿ ಕತ್ತರಿಸಿ ತಂದು ಅಕ್ಕನಿಗೆ ಓದಿ ಹೇಳಿದಳು. ಅಕ್ಕನ ಕಣ್ಣಿಂದ ನೀರು ಇಳಿಯಿತು. ತಂಗಿಯ ಮೇಲಿನ ಹೆಮ್ಮೆಗೆ ಎಂದುಕೊಂಡಳು ಈ ಪೆದ್ದಿ.

ಭಾವ ಹಾಗೆ ಅಂದುಕೊಳ್ಳಲಿಲ್ಲ. “ಮೇದು, ನಿಮ್ಮಕ್ಕನ ಕಣ್ಣು ನೋಡು. ಹಬ್ಬ ಆದಾಗಿಂದ ನೀರು ನಿಲ್ತಾನೇ ಇಲ್ಲ. ನೋವಿನ ಔಷಧಿ ಹಾಕ್ಲಾ?”

“ಗೋಡೆ ಏನನ್ನುತ್ತೆ ಭಾವ?”

“ನೆಮ್ಮದಿ ಅಂತಾನೇ ಇದೆ. ಆದ್ರೂ...”

“ಮತ್ತೆ? ಫ್ಯಾನ್ ಗಾಳಿಗೆ ಕಣ್ಣು ಒಣಗಿದ್ರೂ ನೀರು ಬರುತ್ತೆ. ಆ ಔಷಧಿ ಸುಮ್‌ಸುಮ್ನೆ ಕೊಟ್ರೆ ಉಸಿರು ನಿಧಾನ ಆಗುತ್ತೆ, ಗೋಡೆ ನೋವು ಅಂದಾಗ ಮಾತ್ರ ಕೊಡಿ ಅಂತ ಡಾಕ್ಟ್ರು ಹೇಳಿಲ್ವಾ?”

“ಹೇಳಿದಾರೆ. ಆದ್ರೆ ಇಷ್ಟು ವರ್ಷ ಇವಳ ಜೊತೆ ಬಾಳಿದೀನಲ್ಲಮ್ಮ, ನನಗ್ಯಾಕೋ ಇವಳು ಒದ್ದಾಡ್ತಿದಾಳೆ ಅನ್ಸುತ್ತೆ.”

“ಭಾವ, ಅದು ನಾನು ಬರೆದಿರೋ ಗೋಡೆ. ನನ್ನ ಮೇಲೆ ನಂಬಿಕೆ ಇಲ್ವಾ?”

ಪಾಪ, ಆ ಮನುಷ್ಯ ಔಷಧಿ ಸೀಸೆಯನ್ನು ಮತ್ತೆ ಬೀರುವಿನ ಮೇಲಿಟ್ಟು ಹೆಂಡತಿಯ ಕಣ್ಣೊರೆಸಿದರು.

ಕಾರ್ತಿಕದಲ್ಲಿ ಒಂದು ಸಂಜೆ ಅವರ ಶಾಲೆಯ ಹುಡುಗರ ಕಬಡ್ಡಿ ಫೈನಲ್ ಇತ್ತು. ಭಾವ ಹೊರಡಲೋ ಬೇಡವೋ ಎಂದು ಸೀಟಿ ತಿರುಗಿಸುತ್ತ ಮಂಚದ ಹತ್ತಿರವೇ ನಿಂತಿದ್ದರು. ಮೇದಿನಿಯೇ ಅವರನ್ನು ಹೊರಡಿಸಿದಳು. “ಹೋಗಿಬನ್ನಿ ಭಾವ, ನಾನಿದೀನಿ. ಗೋಡೆ ನೆಮ್ಮದಿ ಅಂತಿದೆ.” ಅವರು ಹೋದ ಮೇಲೆ ಅಕ್ಕನ ಪಕ್ಕದಲ್ಲೇ ಕೂತು ಆಫೀಸಿನ ಮೆಸೇಜುಗಳಿಗೆ ಉತ್ತರ ಬರೆದಳು. ಆಗಾಗ ತಲೆಯೆತ್ತಿ ಗೋಡೆ ನೋಡಿದಳು. ನೆಮ್ಮದಿ, ನೆಮ್ಮದಿ. ಭಾವ ಗೆದ್ದ ಕಪ್ ಎತ್ತಿಕೊಂಡು ನಗುತ್ತ ಒಳಗೆ ಬಂದು, ಹೆಂಡತಿಯ ಕೈ ಮುಟ್ಟಿದರು.

“ಮೇದು... ಕೈ ತಣ್ಣಗಿದೆಯಲ್ಲೇ.”

ಗೋಡೆ ಆಗಲೂ ನೆಮ್ಮದಿ ಎನ್ನುತ್ತಿತ್ತು.

ಪಕ್ಕದಲ್ಲಿದ್ದವರಿಗೂ ಗೊತ್ತಾಗದ ಹಾಗೆ ಹೋದಳು, ಪುಣ್ಯವಂತೆ ಎಂದರು ಬಂದವರೆಲ್ಲ. ಭಾವ ಅದೊಂದೇ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹನ್ನೆರಡನೇ ದಿನ ಕಳೆದ ಮೇಲೂ ಗೋಡೆಯ ಪರದೆ ಬಿಚ್ಚಲು ಬಿಡಲಿಲ್ಲ. ಹಣೆಪಟ್ಟಿ ಅವಳ ಫೋಟೋ ಮುಂದೆ ಸುಮ್ಮನೆ ಬಿದ್ದಿತ್ತು. ಗೋಡೆಯ ಮೇಲೆ ತಿಳಿಹಸಿರು ಅಕ್ಷರ: ತಾರಿಣಿ, ನೆಮ್ಮದಿ. ಅವರು ದಿನಾ ಸಂಜೆ ಅದರ ಕೆಳಗೆ ದೀಪ ಹಚ್ಚುತ್ತಿದ್ದರು. “ನೋಡು, ಹೋದ ಮೇಲೂ ನೆಮ್ಮದಿಯಾಗಿದಾಳೆ” ಎನ್ನುತ್ತಿದ್ದರು. ಖಾಲಿ ಇದ್ದರೆ ಹಾಗೆ ಬರುತ್ತದೆ ಎಂದು ಮೇದಿನಿಗೆ ಗೊತ್ತಿತ್ತು. ಇರಲಿ, ಯಾರಿಗೇನು ನಷ್ಟ ಎಂದು ಬಿಟ್ಟಿದ್ದಳು. ನಿಜ ಹೇಳಬೇಕೆಂದರೆ ಆ ಪದ ಅವಳಿಗೂ ಬೇಕಾಗಿತ್ತು. ಅಕ್ಕ ನೋವಿಲ್ಲದೆ ಹೋದಳು ಎನ್ನುವುದರ ಮೇಲೆಯೇ ಅವಳ ಊಟ ನಿದ್ದೆಯೆಲ್ಲ ನಿಂತಿತ್ತು.

ಸಂಕ್ರಾಂತಿ ಮುಗಿದ ವಾರ ಒಡಲಿಗೆ ಫರ್ಜಾನಾ ಎಂಬ ಹೊಸ ಹುಡುಗಿ ಸೇರಿದಳು. ಬಂದ ದಿನವೇ ಚೀಟಿ ಪದ್ಧತಿ ನೋಡಿ ಹೌಹಾರಿದಳು. “ಮೇಡಂ, ರೋಗಿಗಳ ವಿಷಯಾನ ಹೀಗಾ ಕಟ್ಟೋದು?” ಮೇದಿನಿಗೆ ಅಕ್ಕನೇ ಬೈದಂತಾಗಿ ಕಣ್ಣು ತುಂಬಿ ಬಂತು. ಬೋಪಣ್ಣನಿಗೂ ಹೊಸ ಆವೃತ್ತಿಯ ಹುಮ್ಮಸ್ಸು. “ಯಾವ ಯಾವ ದಾರಿ ಇದೆಯೋ ಎಲ್ಲ ಮಾಡಿ ತೋರ್ಸಿ, ಹೋಲಿಸಿ ನೋಡೋಣ” ಎಂದರು.

ಇಬ್ಬರೂ ನಿಯಂತ್ರಣ ಕೊಠಡಿಯ ಮೂಲೆಯಲ್ಲಿ ಕೂತರು. ಫರ್ಜಾನಾ ಬಿಳಿಹಲಗೆಯ ಮೇಲೆ ಬರೆಯುತ್ತ ಹೋದಳು. ಒಂದು ದಾರಿಯಲ್ಲಿ, ಪ್ರತಿ ಸಲ ಕಂಪೈಲ್ ಮಾಡುವಾಗ ಒಂದು ಸಲಕರಣೆ ಗೂಡನ್ನು ಓದಿ, ಅದರಲ್ಲಿರುವ ಖಾನೆಗಳ ಹೆಸರಿನದೇ ಒಂದು ಜೋಡಿ ಗೂಡು ತಯಾರಿಸುತ್ತದೆ. ಗೋಡೆಯನ್ನು ಆ ಜೋಡಿಗೆ ಕಟ್ಟಬೇಕು. ಖಾನೆಯ ಹೆಸರು ಬದಲಾದರೆ ಜೋಡಿಯಲ್ಲೂ ಬದಲಾಗುತ್ತದೆ, ಹಳೆಯದನ್ನು ಕೇಳಿದವರಿಗೆ ಕಂಪೈಲರ್ ತಕ್ಷಣ ಬೈಯುತ್ತದೆ. ಆದರೆ ಕಡತಗಳ ರಾಶಿ, ಕಾಯುವುದೂ ಹೆಚ್ಚು. ಇನ್ನೊಂದರಲ್ಲಿ ಸುಳ್ಳುರೋಗಿಯೊಬ್ಬನನ್ನು ನಿಲ್ಲಿಸಿ ಪ್ರಶ್ನೆ ಕೇಳುವುದು. ಯಾವ ಖಾನೆಯನ್ನು ಕೇಳಿದೆವು ಎಂದು ಅವನು ನೆನಪಿಟ್ಟುಕೊಂಡು ಅದಕ್ಕೇ ಕಟ್ಟುತ್ತಾನೆ. ಚೆನ್ನಾಗಿದೆ, ಆದರೆ ನಕಲು ಮಾಡದಂತೆ ಬೀಗ ಹಾಕಿದ ಗೂಡುಗಳಿಗೆ ಸುಳ್ಳುರೋಗಿ ಮಾಡಲಾಗದು, ಪ್ರೋಗ್ರಾಮು ಓಡುವಾಗ ಭಾರವೂ ಹೌದು. ಮತ್ತೊಂದು, ಉದ್ಧರಣ ಚಿಹ್ನೆಯೊಳಗೆ ಹೆಸರು ಬರೆಯದೆ, ಖಾನೆಯನ್ನು ತೆರೆಯುವ ಕೀಲಿಯನ್ನೇ ಗೋಡೆಯ ಕೈಗೆ ಕೊಡುವುದು. ಕೀಲಿ ತಪ್ಪಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ, ಸಂಖ್ಯೆ ಬರಬೇಕಾದಲ್ಲಿ ಬೇರೇನೋ ಬಂದರೂ ಗೊತ್ತಾಗುತ್ತದೆ. ಗೂಡಿನೊಳಗೆ ಗೂಡಿದ್ದರೆ ಮಾತ್ರ ಒಂದೊಂದು ಬಾಗಿಲಲ್ಲೂ ನಿಂತು, ಒಳಗೆ ಖಾಲಿ ಇದ್ದರೆ ಏನು ಮಾಡಲಿ ಎಂದು ಬರೆಯಬೇಕು.

“ಇದೇ ಒಳ್ಳೇದು ಮೇಡಂ” ಎಂದಳು ಫರ್ಜಾನಾ. “ಖಾಲಿ ಇದ್ರೆ ಏನು ಅಂತ ಯೋಚ್ನೆ ಮಾಡ್ಲೇಬೇಕಾಗುತ್ತೆ.”

“ನಮ್ಮಕ್ಕನೂ ಇದನ್ನೇ ಆರಿಸ್ತಿದ್ಲು” ಎಂದಳು ಮೇದಿನಿ. “ನೋವಿನ ಪುಟ ಚಿಕ್ಕದು. ಅದರಿಂದಲೇ ಶುರು ಮಾಡು.”

ಹುಡುಗಿ ಉದ್ಧರಣ ಚಿಹ್ನೆ ತೆಗೆದು ಕೀಲಿ ಬರೆದಳು. ಕಂಪೈಲ್ ಕೊಟ್ಟಳು. ಪರದೆಯ ಮೇಲೆ ಒಂದು ಕೆಂಪು ಗೆರೆ: ರೋಗಿಯಲ್ಲಿ ‘ನೋವು’ ಎಂಬುದಿಲ್ಲ.

“ಅರೆ, ಬೈತು ನೋಡಿ ಮೇಡಂ! ಆಗ್ಲೇ ಕೆಲಸ ಶುರು ಮಾಡ್ತು” ಎಂದು ಫರ್ಜಾನಾ ಚಪ್ಪಾಳೆ ತಟ್ಟಿದಳು. ಮೇದಿನಿಯೂ ನಕ್ಕಳು. “ಅದು ಮೈನೋವು ಅಂತ ಆಗಿದೆ ಕಣೇ. ದಸರಾ ಹೊತ್ತಿಗೆ ನಾನೇ ಬದಲಾಯಿಸಿದ್ದೆ...”

ಮೇದಿನಿ ಮತ್ತೆ ಆ ಕೆಂಪು ಗೆರೆಯನ್ನು ಓದಿದಳು. ಹಾಗಾದರೆ ಇಷ್ಟು ದಿನ ಗೋಡೆ ‘ನೋವು’ ಎಂದು ಕೇಳುತ್ತಿದ್ದದ್ದು ಯಾವ ಖಾನೆಯನ್ನು? ಹೆಸರು ಸಿಕ್ಕಿಲ್ಲ. ಸಿಗದಿದ್ದರೆ ಸುಮ್ಮನಿರು ಎಂದು ಹೇಳಿಕೊಟ್ಟವಳು ತಾನೇ.

“ಫರ್ಜಾನಾ,” ಎಂದಳು, “ಎಲ್ಲಾ ಬಿಡು. ಗೋಡೆಗಳಲ್ಲಿ ಈ ಹೆಸರು ಮೊದ್ಲು ತಿದ್ದು. ಈಗ್ಲೇ.”

ತಿದ್ದಿದ್ದನ್ನು ಕಳಿಸುತ್ತಿದ್ದಂತೆ ಕೊಠಡಿಯ ದೊಡ್ಡ ನಕ್ಷೆಯಲ್ಲಿ ಮನೆಗಳು ಒಂದೊಂದಾಗಿ ಹಸಿರಿನಿಂದ ಕೆಂಪಾದವು. ಕುವೆಂಪುನಗರದಲ್ಲಿ, ನಜರ್‌ಬಾದಿನಲ್ಲಿ, ಬನ್ನಿಮಂಟಪದಲ್ಲಿ. ನೋವು, ನೋವು, ನೋವು. ಅಷ್ಟು ದಿನ ಕೂಗಿಕೊಂಡವರೆಲ್ಲ ಒಮ್ಮೆಗೇ ಕೇಳಿಸಿದ ಹಾಗೆ. ಫೋನುಗಳು ಬಡಿದುಕೊಳ್ಳತೊಡಗಿದವು. ಬೋಪಣ್ಣ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದರು. “ವೀಣೆ ಅಂತ ಅಂದ್ಬಿಟ್ಟೆನಲ್ಲ” ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಆಮೇಲೆ ಮೈಕೊಡವಿಕೊಂಡು, ಎಲ್ಲ ಡಾಕ್ಟರುಗಳಿಗೂ ಎಲ್ಲ ಮನೆಗಳಿಗೂ ಇದ್ದದ್ದು ಇದ್ದಂತೆ ಹೇಳಬೇಕೆಂದು ಅಪ್ಪಣೆ ಮಾಡಿದರು.

ಪಟ್ಟಿಗಳು ಕಳಿಸಿದ್ದೆಲ್ಲ ಸರ್ವರಿನಲ್ಲಿ ಹಾಗೇ ಉಳಿದಿತ್ತು. ಮೇದಿನಿ ಅಕ್ಕನದನ್ನು ತೆರೆದಳು. ದಸರಾದಿಂದ ಕಾರ್ತಿಕದವರೆಗೆ ನೋವಿನ ಗೆರೆ ಏರಿದ್ದು ಇಳಿದೇ ಇರಲಿಲ್ಲ. ಅಲ್ಲಲ್ಲಿ ಸ್ವಲ್ಪ ತಗ್ಗಿದ್ದು ಬೆಳಗ್ಗೆ ಮತ್ತು ಸಂಜೆ, ಭಾವ ಕಾಲು ನೀವುತ್ತಿದ್ದ ಹೊತ್ತಿಗೆ. ಕೊನೆಯ ಸಂಜೆಯ ಗೆರೆಯನ್ನು ನೋಡಲಾರದೆ ನೋಡಿದಳು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅಯ್ಯೋ ಅಕ್ಕ, ಪಕ್ಕದಲ್ಲೇ ಕೂತಿದ್ದೆನಲ್ಲೇ.

ಮಧ್ಯಾಹ್ನದ ಹೊತ್ತಿಗೆ ಎರಡನೆಯ ತಿದ್ದುಪಡಿಯೂ ಸಿದ್ಧವಾಯಿತು. ಎಲ್ಲ ಪುಟಗಳನ್ನೂ ಕೀಲಿಗೆ ಕಟ್ಟಿ, ಖಾಲಿ ಇದ್ದರೆ ಗೋಡೆ ಇನ್ನು ‘ಗೊತ್ತಾಗುತ್ತಿಲ್ಲ’ ಎಂದು ಹೇಳಬೇಕೆಂದು ಬರೆದದ್ದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಎಲ್ಲ ಮನೆಗಳಿಗೂ ಹೋಗುವುದಿತ್ತು. ಬೋಪಣ್ಣ ಮೇದಿನಿಯ ಹತ್ತಿರ ಬಂದು ದನಿ ತಗ್ಗಿಸಿದರು. “ನೋಡಮ್ಮ, ನಿಮ್ಮ ಭಾವನ ಮನೆ ಒಂದನ್ನ ಬಿಟ್ಟುಬಿಡೋಣ. ಅಲ್ಲಿ ರೋಗಿ ಇಲ್ವಲ್ಲ. ಅವರ ಪಾಡಿಗೆ ಅವರು ನೆಮ್ಮದಿಯಾಗಿರ್ಲಿ.”

ಹೌದು ಎನ್ನಲು ಅವಳಿಗೆ ಎಷ್ಟು ಆಸೆಯಾಯಿತೆಂದರೆ, ತಲೆ ಅರ್ಧ ಆಡಿಸಿಯೇಬಿಟ್ಟಿದ್ದಳು. ಆದರೆ ಆ ಸುಳ್ಳು ಪದಕ್ಕೆ ಭಾವ ದಿನಾ ದೀಪ ಹಚ್ಚುತ್ತಾರಲ್ಲ. “ಬೇಡ ಸಾರ್. ಬಿಡಬೇಡಿ” ಎಂದಳು. “ಗೋಡೆ ಬದಲಾಗೋ ಮುಂಚೆ ನಾನು ಅಲ್ಲಿರ್ಬೇಕು, ಅಷ್ಟೇ.”

ಸ್ಕೂಟರ್ ಓಡಿಸಿಕೊಂಡು ಚಾಮುಂಡಿಪುರಂಗೆ ಬಂದಾಗ ಭಾವ ಆಗಷ್ಟೇ ಹಚ್ಚಿದ ಹೂಬತ್ತಿಗೆ ಎಣ್ಣೆ ಹಾಕುತ್ತಿದ್ದರು. ಫೋಟೋದ ಪಕ್ಕ ಕಬಡ್ಡಿ ಕಪ್, ಹಣೆಪಟ್ಟಿ. “ಬಾರಮ್ಮ, ಏನು ಇಷ್ಟ್ ಬೇಗ? ಕಾಫಿ ಮಾಡ್ಲಾ?”

“ಬೇಡ ಭಾವ, ಕೂತ್ಕೊಳ್ಳಿ.” ಅವಳು ನೆಲದ ಮೇಲೆ ಅವರ ಎದುರಿಗೇ ಕೂತಳು. ಹೆಸರು ಬದಲಿಸಿದ್ದು, ಗೋಡೆ ಸುಮ್ಮನಾದದ್ದು, ಸುಮ್ಮನಿದ್ದದ್ದನ್ನೇ ನೆಮ್ಮದಿ ಎಂದು ತೋರಿಸಿದ್ದು, ಎಲ್ಲವನ್ನೂ ಹೇಳಿದಳು. ಭಾವ ಕೈಯಲ್ಲಿದ್ದ ಎಣ್ಣೆಬಟ್ಟಲನ್ನು ಕೆಳಗಿಡುವುದನ್ನೇ ಮರೆತರು.

“ಅಂದ್ರೆ ಅವಳಿಗೆ ನೋವಿತ್ತಾ?”

“ಇತ್ತು ಭಾವ.”

“ಆ ಸಂಜೆ? ನಾನು ಆಟಕ್ಕೆ ಹೋದಾಗ?”

ಸುಮ್ಮನಿದ್ದುಬಿಡಬಹುದಿತ್ತು. ಸುಮ್ಮನಿದ್ದರೆ ಅವರೇ ಏನಾದರೂ ಒಳ್ಳೆಯದನ್ನು ಅಂದುಕೊಳ್ಳುತ್ತಿದ್ದರು. “ತುಂಬಾ ಇತ್ತು ಭಾವ” ಎಂದಳು. “ಕೊನೇ ತನಕ ಇತ್ತು. ನೀವು ಕಾಲು ನೀವ್ತಿದ್ದಾಗ ಮಾತ್ರ ಸ್ವಲ್ಪ ಕಮ್ಮಿ ಆಗ್ತಿತ್ತು. ಅವತ್ತು ನಿಮ್ಮನ್ನ ಕಳಿಸಿದವಳು ನಾನು.”

ಅವರು ಬಟ್ಟಲನ್ನು ನೆಲದ ಮೇಲಿಟ್ಟು ಎದ್ದರು. ಬೀರುವಿನ ಮೇಲಿಂದ ಔಷಧಿಯ ಸೀಸೆ ತೆಗೆದು ದೀಪದ ಬೆಳಕಿಗೆ ಹಿಡಿದರು. ದಸರಾ ಹೊತ್ತಿಗೆ ಹೊಸದಾಗಿ ತಂದದ್ದು ಕತ್ತಿನವರೆಗೂ ಹಾಗೆಯೇ ತುಂಬಿತ್ತು. ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಸೆರಗು ಬಾಯಿಗಿಟ್ಟುಕೊಂಡು ಬಿಕ್ಕುತ್ತಿದ್ದ ನಾದಿನಿಯ ಮುಂದೆ ತಂದಿಟ್ಟರು. ಬೈದಿದ್ದರೆ, ಎರಡೇಟು ಬಾರಿಸಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆಗ ಗೋಡೆಯ ಮೇಲಿನ ಹಸಿರು ಆರಿತು. ಒಂದು ಗಳಿಗೆ ಏನೂ ಇರಲಿಲ್ಲ. ಆಮೇಲೆ ಬೂದುಬಣ್ಣದ ಅಕ್ಷರಗಳು ಮೂಡಿದವು: ತಾರಿಣಿ, ಗೊತ್ತಾಗುತ್ತಿಲ್ಲ.

ಭಾವ ಅದನ್ನು ಮಕ್ಕಳು ಓದುವ ಹಾಗೆ ತುಟಿಯಾಡಿಸಿ ಓದಿಕೊಂಡರು. “ಹಿಂಗೆ ಹೇಳೋಕೆ ಬರ್ತಿತ್ತಾ ಇದಕ್ಕೆ?”

“ಬರ್ತಿತ್ತು ಭಾವ. ನಾನು ಹೇಳಿಕೊಟ್ಟಿರ್ಲಿಲ್ಲ.”

“ಅವತ್ತೇ ಇಷ್ಟು ಅಂದಿದ್ರೆ ಸಾಕಾಗ್ತಿತ್ತಲ್ಲಮ್ಮ” ಎಂದರು. “ಗೊತ್ತಾಗ್ತಿಲ್ಲ ಅಂತ ಅಂದಿದ್ರೆ ನಾನು ಅವಳ ಕಣ್ಣು ನೋಡ್ತಿದ್ದೆ.”

ಬತ್ತಿ ಎಣ್ಣೆಯಿಲ್ಲದೆ ಕರಕಾಗತೊಡಗಿತು. ಎಣ್ಣೆಬಟ್ಟಲು ಅಲ್ಲೇ ನೆಲದ ಮೇಲಿತ್ತು, ಇಬ್ಬರಲ್ಲಿ ಯಾರೂ ಕೈ ಚಾಚಲಿಲ್ಲ.